ಇಸುಬಿಗೆ ಮುಲಾಮು ಸಾಲದು ಅಂತ ತೀರ್ಮಾನಿಸುವುದು ಯಾವಾಗ?

‘ಕಳೆದ ವಾರ ಎಷ್ಟು ರಾತ್ರಿ ನಿದ್ದೆ ಕೆಟ್ಟಿತು?’ ಇಸುಬು ಇರುವವರಿಗೆ ಕೇಳಲೆಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರೂಪಿಸಿ, 2004ರಲ್ಲಿ ಪ್ರಕಟಿಸಿದ ಏಳು ಪ್ರಶ್ನೆಗಳಲ್ಲಿ ಇದೂ ಒಂದು. ಕೇಳಲು ಸಣ್ಣ ಪ್ರಶ್ನೆ, ಅಲ್ವಾ? ಆದರೆ ವೈದ್ಯರು ಇದನ್ನು ಗಂಭೀರವಾಗಿ ಕೇಳುವ ಹೊತ್ತಿಗೆ ಬಹಳ ಕಾಲ ಕಳೆದಿತ್ತು.

ಈ ಕಾಯಿಲೆಗೆ ಅಟಾಪಿಕ್ ಡರ್ಮಟೈಟಿಸ್ ಎಂಬ ಹೆಸರು ಬಂದದ್ದು 1933ರಲ್ಲಿ, ಅಮೆರಿಕದ ಚರ್ಮವೈದ್ಯರಾದ ವೈಸ್ ಮತ್ತು ಸಲ್ಜ್‌ಬರ್ಗರ್ ಅವರಿಂದ. 1952ರಲ್ಲಿ ಅದೇ ಸಲ್ಜ್‌ಬರ್ಗರ್, ವಿಟನ್ ಎಂಬ ವೈದ್ಯರ ಜೊತೆ ಸೇರಿ, ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಚ್ಚಿದರೆ ಇಸುಬು ಇಳಿಯುತ್ತದೆ ಎಂದು ತೋರಿಸಿದರು. ಅಲ್ಲಿಂದ ಮುಲಾಮೇ ಮುಖ್ಯ ಔಷಧಿಯಾಯಿತು. ಅದಕ್ಕೂ ಬಗ್ಗದವರಿಗೆ ಸ್ಟೀರಾಯ್ಡ್ ಮಾತ್ರೆ. ನುಂಗಿದ ಕೆಲವೇ ದಿನಗಳಲ್ಲಿ ತುರಿಕೆ ಇಳಿಯುತ್ತದೆ, ಬಿಟ್ಟ ಮೇಲೆ ಎಷ್ಟೋ ಸಲ ಮೊದಲಿಗಿಂತ ಜಾಸ್ತಿಯಾಗಿ ಮರಳುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಬಿಪಿ, ಮೂಳೆ ಸವೆತ. ಈಗಲೂ ಇದನ್ನೇ ಮತ್ತೆ ಮತ್ತೆ ಅಂಗಡಿಯಿಂದ ತಂದು ನುಂಗುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

1991ರಲ್ಲಿ ಒಂದು ದಾರಿ ತೆರೆಯಿತು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ ಬಂದ, ಕಿಡ್ನಿ ಕಸಿಯಲ್ಲಿ ಹೆಸರಾಗಿದ್ದ ಸೈಕ್ಲೊಸ್ಪೊರಿನ್, ತೀವ್ರ ಇಸುಬಿನ ದೊಡ್ಡವರಲ್ಲೂ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ವೈದ್ಯರು ಪ್ರಕಟಿಸಿದರು. ಆದರೆ ಅದು ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಇಷ್ಟು ಭಾರದ ಔಷಧಿಯನ್ನು ಯಾರಿಗೆ ಕೊಡಬೇಕು? ಮೈತುಂಬಾ ಎದ್ದವರಿಗೆ ಮಾತ್ರ ಅನ್ನುವ ಲೆಕ್ಕ ಹಾಗೆ ಬಲವಾಯಿತು. ಚರ್ಮ ಎಷ್ಟು ಕೆಂಪು, ಎಷ್ಟು ಜಾಗ ಎಂದು ಅಂಕ ಕೊಡುವ ಪದ್ಧತಿಗಳೂ ಬಂದವು.

ಈ ಲೆಕ್ಕದಲ್ಲಿ ಒಂದು ಅನ್ಯಾಯವಿತ್ತು. ಬೆರಳೂ ಸೇರಿಸಿ ಎರಡು ಅಂಗೈ ಲೆಕ್ಕ ಹಾಕಿದರೂ ಮೈಯ ಚರ್ಮದ ಸುಮಾರು ನೂರರಲ್ಲಿ ಎರಡು ಪಾಲು ಅಷ್ಟೇ. ಆ ಅಂಗೈ ಬಿರಿದು ರಕ್ತ ಬರುತ್ತಿದ್ದರೆ ಅಡುಗೆ ಮಾಡುವವರು, ಬಟ್ಟೆ ಹೊಲಿಯುವವರು ಏನು ಮಾಡಬೇಕು? ಅಂಕ ಕಡಿಮೆ, ಬದುಕು ನಿಂತೇ ಹೋಗಿದೆ. ಕಾಯಿಲೆ ಬದುಕನ್ನು ಎಷ್ಟು ಹಿಂಡುತ್ತಿದೆ ಎಂದು ಕೇಳುವ ಹತ್ತು ಪ್ರಶ್ನೆಗಳು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಿಂದ ಬಂದದ್ದು ಅದಕ್ಕೇ ದೊಡ್ಡ ವಿಷಯ.

2017ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಇಸುಬಿಗೆ ಡ್ಯುಪಿಲುಮ್ಯಾಬ್ ಎಂಬ ಹೊಸ ಇಂಜೆಕ್ಷನ್ ಬಳಸಲು ಅಮೆರಿಕ ಒಪ್ಪಿಗೆ ಕೊಟ್ಟಿತು. ಹಲವು ದೇಶಗಳ ಇಸುಬು ತಜ್ಞರ ಮಂಡಳಿಯೊಂದು, ಬರೀ ಅಂಕ ನೋಡಿ ತೀರ್ಮಾನಿಸಬೇಡಿ ಎಂದಿತು. ಮೊದಲು ಇದು ಇಸುಬೇ ಹೌದಾ ನೋಡಿ. ಸಿಮೆಂಟು, ಹೇರ್ ಡೈ ತಾಗಿ ಬಂದ ಅಲರ್ಜಿಯೂ ಹೀಗೇ ಕಾಣಬಹುದು; ದೊಡ್ಡವರಲ್ಲಿ ಅಪರೂಪಕ್ಕೆ ಚರ್ಮದ ಕ್ಯಾನ್ಸರೂ ಇರಬಹುದು. ಸೋಂಕಿದ್ದರೆ ವಾಸಿ ಮಾಡಿ. ಸೌಲಭ್ಯ ಇದ್ದರೆ ಅತಿನೇರಳೆ ಬೆಳಕಿನ ಚಿಕಿತ್ಸೆಯನ್ನೂ ಯೋಚಿಸಿ.

ಮುಲಾಮು ಸರಿಯಾಗಿ ಹಚ್ಚಿದ್ದಾರಾ ಅನ್ನುವುದೂ ಮುಖ್ಯ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಸ್ಟೀರಾಯ್ಡ್ ಹೆದರಿಕೆಯಿಂದ ಚೂರೇ ಚೂರು ಸವರಿ, ‘ಮುಲಾಮು ಕೆಲಸ ಮಾಡಲಿಲ್ಲ’ ಅನ್ನುವವರು ಬಹಳ ಜನ. ಅವರಿಗೆ ಬೇಕಾದದ್ದು ಮಾತ್ರೆಯಲ್ಲ, ಹಚ್ಚುವುದನ್ನು ಸಮಾಧಾನವಾಗಿ ಕಲಿಸುವ ಒಬ್ಬರು.

ಇಷ್ಟೆಲ್ಲ ಮಾಡಿದರೂ ನಿದ್ದೆಯಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ ಎಂದರೆ ಮಾತ್ರೆ, ಇಂಜೆಕ್ಷನ್‌ನಂಥ ಒಳಗಿನ ಔಷಧಿಗೆ ಕಾಯಿಸಬಾರದು. 2022ರಲ್ಲಿ ಅಮೆರಿಕದಲ್ಲಿ ಇಸುಬಿಗೆ ಒಪ್ಪಿಗೆ ಪಡೆದ ಅಬ್ರೊಸಿಟಿನಿಬ್, ಉಪಾಡಸಿಟಿನಿಬ್ ಮಾತ್ರೆಗಳು ತುರಿಕೆಯನ್ನು ಬೇಗ ಇಳಿಸುತ್ತವೆ. ಆದರೆ ಸೋಂಕು, ಹೃದಯ, ರಕ್ತ ಹೆಪ್ಪುಗಟ್ಟುವಿಕೆ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆಯಿದೆ. ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಆಗಲೇಬೇಕು. ಟಿಬಿ ಇಷ್ಟೊಂದಿರುವ ನಮ್ಮ ದೇಶದಲ್ಲಂತೂ ಬಿಡುವ ಹಾಗೇ ಇಲ್ಲ.

ಹೊಸ ಔಷಧಿಯ ಬೆಲೆ ಕೈಗೆಟುಕದವರಿಗೆ ಮೆಥೊಟ್ರೆಕ್ಸೇಟ್ ಇದೆ. ಹಳೆಯದು, ಅಗ್ಗ. ರಕ್ತ, ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಿಣಿಯರಿಗೆ ಕೂಡದು. ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯಲ್ಲಿ ‘ಭಾನುವಾರ ಮಾತ್ರ’ ಎಂದು ವಾರದ ಹೆಸರನ್ನೇ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.