ಆಸಕ್ತಿಯಿಂದ ಹುಟ್ಟುವ ಪ್ರಾಜೆಕ್ಟ್ ಕಲಿಕೆ ಅಂದರೇನು?

ಪಾಠ ಮುಗಿದ ಮೇಲೆ ಮಕ್ಕಳು ಮನೆಯಿಂದ ಮಾಡಿಕೊಂಡು ಬರುವ ಚಾರ್ಟು, ರಟ್ಟಿನ ಮಾದರಿ, ಅಂಟಿಸಿದ ಚಿತ್ರ, ಇವನ್ನೆಲ್ಲ ನಾವು 'ಪ್ರಾಜೆಕ್ಟ್' ಅಂತಲೇ ಕರೆಯುತ್ತೇವೆ. ಎಷ್ಟೋ ಸಲ ಅರ್ಧ ಕೆಲಸ ಅಪ್ಪ ಅಮ್ಮನದ್ದೇ ಆಗಿರುತ್ತದೆ. ಪ್ರಾಜೆಕ್ಟ್ ಆಧಾರಿತ ಕಲಿಕೆ ಇದಲ್ಲ. ಅಲ್ಲಿ ಪ್ರಾಜೆಕ್ಟ್ ಪಾಠದ ಬಾಲವಾಗಿ ಬರುವುದಿಲ್ಲ, ಪಾಠವೇ ಅದರೊಳಗೆ ನಡೆಯುತ್ತದೆ. ಉತ್ತರ ತಕ್ಷಣ ಸಿಗದ ಒಂದು ಪ್ರಶ್ನೆ ಇರುತ್ತದೆ. ಮಕ್ಕಳು ಕೆಲವು ವಾರ ಅದರ ಬೆನ್ನು ಹತ್ತುತ್ತಾರೆ, ಅಳೆಯುತ್ತಾರೆ, ಓದುತ್ತಾರೆ, ತಪ್ಪು ಮಾಡಿ ತಿದ್ದಿಕೊಳ್ಳುತ್ತಾರೆ, ಕೊನೆಗೆ ಸಿಕ್ಕಿದ್ದನ್ನು ಬೇರೆಯವರ ಮುಂದೆ ಇಡುತ್ತಾರೆ.

ಆಸಕ್ತಿ ಆಧಾರಿತ ಕಲಿಕೆ ಅಂದರೆ ಮಗುವಿಗೆ ಈಗಾಗಲೇ ಏನು ಹಿಡಿಸಿದೆಯೋ ಅಲ್ಲಿಂದ ಶುರು ಮಾಡುವುದು. 'ಇಷ್ಟ ಬಂದದ್ದು ಮಾಡಲಿ ಬಿಡಿ' ಅಂತ ಅಲ್ಲ.

ಇವೆರಡನ್ನೂ ಯಾಕೆ ಸೇರಿಸಬೇಕು? ಬರೀ ಪ್ರಾಜೆಕ್ಟ್ ಇದ್ದರೆ, ಪ್ರಶ್ನೆ ಟೀಚರದ್ದು, ಮಗು ಸುಮ್ನೆ ಹೇಳಿದ್ದನ್ನು ಮಾಡಿ ಮುಗಿಸುತ್ತದೆ. ಬರೀ ಆಸಕ್ತಿ ಇದ್ದರೆ ಅದು ಹೆಚ್ಚು ದೂರ ಹೋಗುವುದಿಲ್ಲ. ಡೈನೋಸಾರ್ ಹುಚ್ಚಿನ ಹುಡುಗ ನಲವತ್ತು ಹೆಸರು ಬಾಯಿಪಾಠ ಮಾಡಿ ಅಲ್ಲೇ ನಿಂತುಬಿಡಬಹುದು, ಅವು ಇಷ್ಟೇ ಉದ್ದ ಇದ್ದವು ಅಂತ ಬರೀ ಮೂಳೆ ನೋಡಿ ಹೇಗೆ ಗೊತ್ತಾಯಿತು ಅನ್ನುವ ಪ್ರಶ್ನೆ ತಾನಾಗಿ ಬರದೇ ಇರಬಹುದು.

ಈ ಜೋಡಿ ಹೊಸದೇನಲ್ಲ. 1918ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದಾಗ, ಮಗು ಮನಸಾರೆ, ತನ್ನದೇ ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸವನ್ನೇ ಪ್ರಾಜೆಕ್ಟ್ ಅಂದಿದ್ದರು. ಅಂದರೆ ಆಸಕ್ತಿ ಆ ಪದದೊಳಗೇ ಇತ್ತು, ನಾವು ಮಾದರಿ ಮಾಡಿಸುವ ಗಡಿಬಿಡಿಯಲ್ಲಿ ಅದನ್ನು ಕಳೆದುಕೊಂಡೆವು.

ಒಂದು ಉದಾಹರಣೆ ನೋಡೋಣ. ಒಬ್ಬಳಿಗೆ ಸೈಕಲ್ ಅಂದರೆ ಪ್ರಾಣ. 'ಸೈಕಲ್ ಬಗ್ಗೆ ಪ್ರಾಜೆಕ್ಟ್ ಮಾಡು' ಅಂದರೆ ಅವಳು ಚಿತ್ರ ಅಂಟಿಸಿ ತರುತ್ತಾಳೆ, ತಪ್ಪು ಅವಳದ್ದಲ್ಲ. ಟೀಚರ್ ಅವಳ ಜೊತೆ ಕೂತು ಮಾತಾಡಿದರೆ ಪ್ರಶ್ನೆ ಹೊರಗೆ ಬರುತ್ತದೆ: ಗೇರ್ ಬದಲಿಸಿದರೆ ಏರು ಹತ್ತೋದು ಯಾಕೆ ಸುಲಭ ಆಗುತ್ತದೆ? ಈಗ ಅವಳು ಹಲ್ಲು ಎಣಿಸುತ್ತಾಳೆ. ಮುಂದಿನ ಹಲ್ಲುಚಕ್ರದಲ್ಲಿ 48, ಹಿಂದಿನದರಲ್ಲಿ 16 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ 3 ಸುತ್ತು ತಿರುಗುತ್ತದೆ. ಹಿಂದೆ 24 ಹಲ್ಲಿನದಕ್ಕೆ ಚೈನ್ ಹೋದರೆ 2 ಸುತ್ತು. ಗಾಲಿಯ ಸುತ್ತಳತೆ 2.1 ಮೀಟರ್ ಇದ್ದರೆ ಒಂದು ಪೆಡಲಿಗೆ 6.3 ಮೀಟರ್ ಬದಲು 4.2 ಮೀಟರ್ ಮಾತ್ರ ಮುಂದೆ ಹೋಗಬೇಕು. ಕಡಿಮೆ ದೂರ, ಅದಕ್ಕೇ ಕಾಲಿಗೆ ಕಡಿಮೆ ಭಾರ. ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಇದನ್ನು ಅಳೆದೇ ನೋಡಬಹುದು. ಅನುಪಾತದ ಪಾಠ ಬಂದೇ ಬಂತು, ಅಲ್ವಾ? ಅವಳ ಗುಂಪಿನಲ್ಲಿ ಚಿತ್ರ ಬಿಡಿಸುವವನಿಗೆ ಚೈನಿನ ನಕ್ಷೆ ಇದೆ, ಬರೆಯೋದು ಇಷ್ಟ ಇರುವವಳಿಗೆ ಮೊದಲ ಸಲ ಗೇರ್ ಸೈಕಲ್ ಹತ್ತುವವರಿಗೆ ಬೇಕಾದ ಕೈಪಿಡಿ ಇದೆ.

ಟೀಚರ್ ಕೆಲಸ ಇಲ್ಲಿ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಇಷ್ಟವನ್ನು ಪ್ರಶ್ನೆಯಾಗಿ ತಿರುಗಿಸುವುದು, ಆ ಪ್ರಶ್ನೆ ಮಗುವಿನ ಕೈಗೆ ಎಟುಕುವಷ್ಟೇ ಇರುವ ಹಾಗೆ ನೋಡಿಕೊಳ್ಳುವುದು, ಎಲ್ಲಿ ಸುಮ್ಮನಿರಬೇಕು ಎಲ್ಲಿ ನೇರವಾಗಿ ಪಾಠ ಹೇಳಿಕೊಡಬೇಕು ಅಂತ ತೀರ್ಮಾನಿಸುವುದು, ಇದೆಲ್ಲ ನಿಜವಾಗಿಯೂ ಕಷ್ಟದ ಕೆಲಸ. ಭಾಗಾಕಾರವೇ ಬರದ ಮಗುವಿಗೆ ಹಲ್ಲುಗಳ ಲೆಕ್ಕ ತಾನಾಗಿ ಹೊಳೆಯುವುದಿಲ್ಲ, ಮೊದಲು ಭಾಗಾಕಾರ ಕಲಿಸಲೇಬೇಕು.

'ನಮ್ಮ ಮಗುವಿಗೆ ಯಾವುದರಲ್ಲೂ ಆಸಕ್ತಿ ಇಲ್ಲ' ಅನ್ನುವವರಿಗೆ ಒಂದು ಮಾತು. ಆಸಕ್ತಿ ಹುಟ್ಟಿನಿಂದಲೇ ಬರುವ ಗುಣ ಅಲ್ಲ. ಸುಝಾನ್ ಹಿಡಿ ಮತ್ತು ಆನ್ ರೆನಿಂಜರ್ ಅನ್ನುವ ಸಂಶೋಧಕರು 2006ರಲ್ಲಿ ಆಸಕ್ತಿ ಬೆಳೆಯುವ 4 ಹಂತಗಳನ್ನು ಹೇಳಿದ್ದರು. ಮೊದಲು ಯಾವುದೋ ಸಂದರ್ಭ ಅದನ್ನು ಕೆರಳಿಸುತ್ತದೆ, ಆಸರೆ ಸಿಕ್ಕರೆ ಅದು ಉಳಿಯುತ್ತದೆ, ಆಮೇಲೆ ನಿಧಾನವಾಗಿ ಸ್ವಂತದ್ದಾಗಲು ಶುರುವಾಗುತ್ತದೆ, ಕೊನೆಗೆ ಗಟ್ಟಿಯಾಗುತ್ತದೆ. ಒಳ್ಳೆಯ ಪ್ರಾಜೆಕ್ಟ್ ಈ ಮೊದಲ ಕಿಡಿಯೂ ಆಗಬಹುದು, ಆಸರೆಯೂ ಆಗಬಹುದು.

ಬಹುಮಾನದ ವಿಷಯದಲ್ಲಿ ಮಾತ್ರ ಹುಷಾರು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಜೊತೆಗಾರರು, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸೋದು ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ 'ಬಿಡಿಸಿದರೆ ಪ್ರಶಸ್ತಿ ಪತ್ರ' ಅಂತ ಮೊದಲೇ ಹೇಳಿದರು. ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವ ಹೊತ್ತು ಕಡಿಮೆಯಾಯಿತು. ಮೊದಲೇ ಹೇಳದೆ, ಬಿಡಿಸಿದ ಮೇಲೆ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಹಾಗಾದರೆ ಅಂಕ ಕೊಡೋದು ಹೇಗೆ? ನಾನಂತೂ ಕೊನೆಯ ಮಾದರಿಗಿಂತ ಮಗುವಿನ ನೋಟ್‌ಬುಕ್ ನೋಡಿ ಅನ್ನುತ್ತೇನೆ. ಮೊದಲ ದಿನ ಕೇಳಿದ ಪ್ರಶ್ನೆ ಮೂರನೇ ವಾರಕ್ಕೆ ಹೇಗೆ ಬದಲಾಗಿದೆ, ಯಾವ ಲೆಕ್ಕ ಹೊಡೆದು ಹಾಕಿದೆ, ಯಾಕೆ ಹೊಡೆದು ಹಾಕಿದೆ, ಎಲ್ಲ ಅಲ್ಲೇ ಇರುತ್ತದೆ.