‘ಅಂತೆ’, ‘ಅಂಥ’, ‘ಹೋಲು’, ‘ಸಮ’: ಮುಂಬಯಿಯ ಕನ್ನಡ ಕಲಿಗರಿಗೊಂದು ಟಿಪ್ಪಣಿ

ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಮರಾಠಿ ಓದುತ್ತ ಮುಂಬಯಿಯಲ್ಲಿ ಬೆಳೆದ ನಮ್ಮಂಥವರು ಕನ್ನಡ ಬರೆಯಲು ಕುಳಿತಾಗ ತೊಡಕಾಗುವುದು ದೊಡ್ಡ ಪದಗಳಲ್ಲಲ್ಲ. ಒಂದು ಇನ್ನೊಂದರ ಹಾಗಿದೆ ಎಂದು ಹೇಳುವ ಪುಟ್ಟ ಪದಗಳಲ್ಲಿ. ಇದಕ್ಕೆ ಮುಖ್ಯ ಕಾರಣ ಮರಾಠಿಯ ‘ಸಾರಖಾ’. ‘ಆಯಿಸಾರಖೀ ಮುಲಗೀ’ (ಅಮ್ಮನಂಥ ಹುಡುಗಿ) ಎನ್ನುವಾಗಲೂ ಅದೇ ಪದ, ‘ಆಯಿಸಾರಖಂ ಬೋಲತೇ’ (ಅಮ್ಮನಂತೆ ಮಾತನಾಡುತ್ತಾಳೆ) ಎನ್ನುವಾಗಲೂ ಅದೇ ಪದ. ಕೊನೆಯ ಸ್ವರ ಮಾತ್ರ ಬದಲಾಗುತ್ತದೆ. ಕನ್ನಡ ಈ ಎರಡು ಕೆಲಸಗಳಿಗೆ ಎರಡು ಬೇರೆ ರೂಪಗಳನ್ನು ಇಟ್ಟುಕೊಂಡಿದೆ, ಅವನ್ನು ಅದಲುಬದಲು ಮಾಡಲು ಬಿಡುವುದಿಲ್ಲ.

‘ಅಂತೆ’ ಕ್ರಿಯೆಗೆ ಸೇರಿದ್ದು: ಅವಳು ಅಮ್ಮನಂತೆ ಮಾತನಾಡುತ್ತಾಳೆ. ‘ಅಂಥ’ ನಾಮಪದಕ್ಕೆ ಸೇರಿದ್ದು: ಅವಳು ಅಮ್ಮನಂಥ ಹುಡುಗಿ. ‘ಅಮ್ಮನಂತೆ ಹುಡುಗಿ’ ಎಂದು ಬರೆದರೆ ವಾಕ್ಯ ಕುಂಟುತ್ತದೆ. ಹಾಗೆಂದು ಮುಂದಿನ ಪದವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ‘ಅಮ್ಮನಂತೆ ಹುಡುಗಿಯೂ ಹಾಡಿದಳು’ ಎಂಬ ವಾಕ್ಯ ಸರಿಯಾಗಿಯೇ ಇದೆ. ಅಲ್ಲಿ ‘ಅಂತೆ’ ಹುಡುಗಿಯನ್ನು ಹಾರಿ ಹೋಗಿ ‘ಹಾಡಿದಳು’ ಎಂಬುದನ್ನು ಹಿಡಿದುಕೊಂಡಿದೆ. ‘ಎಂಥ ಹುಡುಗಿ?’ ಎಂಬ ಪ್ರಶ್ನೆಗೆ ಉತ್ತರವಾಗುವುದು ‘ಅಂಥ’, ‘ಹೇಗೆ ಹಾಡಿದಳು?’ ಎಂಬುದಕ್ಕೆ ಉತ್ತರವಾಗುವುದು ‘ಅಂತೆ’. ಪ್ರಶ್ನೆ ಕೇಳಿಕೊಂಡರೆ ಗೊಂದಲ ಉಳಿಯುವುದಿಲ್ಲ. ‘ಅಂಥ’, ‘ಅಂತಹ’ ಎರಡೂ ಸರಿ. ಮಹಾಪ್ರಾಣ ಬಿಟ್ಟು ‘ಅಂತ’ ಎಂದು ಬರೆದರೆ ಅದು ‘ಬರುತ್ತೇನೆ ಅಂತ ಹೇಳಿದ’ ಎಂಬಲ್ಲಿಯ ಪದವಾಗಿಬಿಡುತ್ತದೆ.

‘ಹಾಗೆ’ ಮಾಡುವುದೂ ‘ಅಂತೆ’ಯ ಕೆಲಸವನ್ನೇ. ‘ಅಂತೆ’ ಪದಕ್ಕೆ ಅಂಟಿಕೊಳ್ಳುತ್ತದೆ, ‘ಹಾಗೆ’ ಬಿಡಿಯಾಗಿ ನಿಲ್ಲುತ್ತದೆ: ಮರದಂತೆ, ಮರದ ಹಾಗೆ. ‘ಥರ’, ‘ತರಹ’ ಅರಬ್ಬಿ ಮೂಲದವು, ಮರಾಠಿಯ ‘ತರ್‍ಹಾ’ದ ಒಡಹುಟ್ಟು. ಬರಹದಲ್ಲಿ ಧಾರಾಳವಾಗಿ ಬಳಸಬಹುದು. ನಾಮಪದದ ಮುಂದೆ ಬಂದಾಗ ‘ಥರದ’ ಆಗುತ್ತದೆ ಎಂಬುದಷ್ಟು ನೆನಪಿರಲಿ.

ಇನ್ನೊಂದು ‘ಅಂತೆ’ ಇದೆ, ಅದಕ್ಕೂ ಹೋಲಿಕೆಗೂ ಸಂಬಂಧವಿಲ್ಲ. ‘ಹೇಳಿದಂತೆ’ ಎಂದರೆ ಹೇಳಿದ ರೀತಿಯಲ್ಲಿ. ‘ಹೇಳಿದನಂತೆ’ ಎಂದರೆ ಅವನು ಹೇಳಿದ ಎಂದು ಯಾರಿಂದಲೋ ಕೇಳಿದ್ದು. ನಡುವೆ ಇರುವುದು ‘ನ’ ಒಂದೇ, ಆದರೆ ಅದು ಪೂರ್ಣ ಕ್ರಿಯಾಪದದ ಗುರುತು. ಕ್ರಿಯಾಪದ ಮುಗಿದ ಮೇಲೆ ಬರುವ ‘ಅಂತೆ’ ವದಂತಿಯದು, ಮುಗಿಯದ ‘ಹೇಳಿದ’, ‘ಬರುವ’ ರೂಪಗಳ ಮೇಲೆ ಬರುವುದು ಹೋಲಿಕೆಯದು ಅಥವಾ ರೀತಿಯದು. ‘ಬರುವಂತೆ ಹೇಳು’, ‘ಬೀಳದಂತೆ ಹಿಡಿ’ ಎಂಬಲ್ಲಿ ಅದೇ ಪದ ಉದ್ದೇಶವನ್ನೂ ಹೇಳುತ್ತದೆ. ಇಷ್ಟು ದೂರ ಮರಾಠಿಯ ‘ಸಾರಖಾ’ ಬರಲಾರದು. ‘ನೇಹಮೀಪ್ರಮಾಣೆ’ ಎಂಬುದನ್ನೂ ಕನ್ನಡ ‘ಎಂದಿನಂತೆ’ ಎಂದೇ ಹೇಳುತ್ತದೆ. ‘ನಿಯಮಾಪ್ರಮಾಣೆ’ ಎಂಬುದಕ್ಕೆ ‘ನಿಯಮದಂತೆ’, ‘ನಿಯಮದ ಪ್ರಕಾರ’ ಎರಡೂ ನಡೆಯುತ್ತವೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ: ವಿಭಕ್ತಿ. ಹೋಲಿಕೆಯ ಪದ ಯಾವ ವಿಭಕ್ತಿಯನ್ನು ಕೇಳುತ್ತದೆ ಎಂಬುದರ ಮೇಲೆ ಹೋಲಿಕೆಯ ಬಗೆಯೇ ತಿಳಿಯುತ್ತದೆ. ‘ಹಾಗೆ’, ‘ಥರ’ ಇವು ಷಷ್ಠಿಯನ್ನು ಕೇಳುತ್ತವೆ: ತಂದೆಯ ಹಾಗೆ ನಡೆಯುತ್ತಾನೆ. ಇದು ರೀತಿಯ ಹೋಲಿಕೆ. ‘ಹೋಲು’ ದ್ವಿತೀಯೆಯನ್ನು ಕೇಳುತ್ತದೆ: ತಂದೆಯನ್ನು ಹೋಲುತ್ತಾನೆ. ಇದು ಹೆಚ್ಚಾಗಿ ರೂಪದ ಹೋಲಿಕೆ. ‘ಸಮ’, ‘ಸಾಟಿ’, ‘ಎಣೆ’ ಚತುರ್ಥಿಯನ್ನು ಕೇಳುತ್ತವೆ: ತಂದೆಗೆ ಸಮ, ತಂದೆಗೆ ಸಾಟಿಯಿಲ್ಲ. ಇದು ಅಳತೆಯ, ಯೋಗ್ಯತೆಯ ಹೋಲಿಕೆ. ಮಗ ತಂದೆಯನ್ನು ಹೋಲುತ್ತಲೇ ತಂದೆಗೆ ಸಮನಾಗದೆ ಇರಬಹುದು, ಅದನ್ನು ಕನ್ನಡ ವಿಭಕ್ತಿಯಲ್ಲೇ ತೋರಿಸಿಬಿಡುತ್ತದೆ. ‘ಹೋಲಿಸು’ ಎಂಬಲ್ಲಿ ಇದು ಇನ್ನೂ ಸೂಕ್ಷ್ಮ. ಮುಖವನ್ನು ಚಂದ್ರನಿಗೆ ಹೋಲಿಸಿದರೆ ಎರಡೂ ಒಂದೇ ಬಗೆ ಎನ್ನುತ್ತೇವೆ. ಮುಂಬಯಿಯನ್ನು ಪುಣೆಯೊಂದಿಗೆ ಹೋಲಿಸಿದರೆ ಸಾಮ್ಯವನ್ನೂ ಭೇದವನ್ನೂ ತೂಗಿ ನೋಡುತ್ತೇವೆ.

ಹಳಗನ್ನಡದಲ್ಲಿ ಈ ‘ಹೋಲು’ ‘ಪೋಲ್’ ಆಗಿತ್ತು. ತಮಿಳಿನಲ್ಲಿ ಇಂದಿಗೂ ‘ಪೋಲ್’ ಉಳಿದಿದೆ. ಕಾವ್ಯಗಳಲ್ಲಿ ಕಾಣುವ ‘ವೊಲ್’, ‘ವೋಲ್’ ಅದರದ್ದೇ ಸವೆದ ರೂಪಗಳು. ಅಲಂಕಾರದ ಪಾಠದಲ್ಲಿ ಇವುಗಳ ಹೆಸರು ಉಪಮಾವಾಚಕ.

ಮನೆಮಾತಿನ ರೂಪಗಳೂ ನುಸುಳುತ್ತವೆ. ಧಾರವಾಡದ ಕಡೆಯ ಮನೆಗಳಲ್ಲಿ ‘ಹುಲಿ ಗತೆ’ ಎನ್ನುತ್ತಾರೆ, ಹಳ್ಳಿಯ ಮರಾಠಿಯ ‘ವಾಘಾಗತ’ ಅದಕ್ಕೆ ತೀರ ಹತ್ತಿರ. ತುಳು ಮನೆಗಳಲ್ಲಿ ‘ಆಯನ ಲೆಕ್ಕ’, ಎಂದರೆ ಅವನ ಹಾಗೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದು ‘ಅವನ ಲೆಕ್ಕ’ ಎಂದರೆ ಓದುವವರು ಹಣದ ಲೆಕ್ಕ ಎಂದುಕೊಳ್ಳುತ್ತಾರೆ.

‘ಸಾರಖಂ’ಗೆ ಮರಾಠಿಯಲ್ಲಿ ‘ಎಡೆಬಿಡದೆ’ ಎಂಬ ಅರ್ಥವೂ ಇದೆ: ‘ಸಾರಖಂ ರಡತೇ’. ಇಲ್ಲಿ ‘ಹಾಗೆ ಅಳುತ್ತಾಳೆ’ ಎಂದು ಬರೆಯಬಾರದು. ‘ಒಂದೇ ಸಮನೆ ಅಳುತ್ತಾಳೆ’ ಎನ್ನಬೇಕು. ಕನ್ನಡವೂ ಸಮತ್ವದಿಂದಲೇ ನಿರಂತರತೆಗೆ ಹೋಗಿದೆ, ಬೇರೆ ಪದ ಹಿಡಿದು.

ಕೊನೆಯದು ‘ಎಂಬಂತೆ’. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಆ ಮಳೆಯನ್ನು ‘ಜಲಪಾತದಂತೆ ಸುರಿಯಿತು’ ಎಂದರೆ ಉಪಮೆ, ಏಕೆಂದರೆ ಜಲಪಾತ ಲೋಕದಲ್ಲಿದೆ. ‘ಆಕಾಶವೇ ಹರಿದುಬಿತ್ತೋ ಎಂಬಂತೆ ಸುರಿಯಿತು’ ಎಂದರೆ ಉತ್ಪ್ರೇಕ್ಷೆ, ಏಕೆಂದರೆ ಆಕಾಶ ಹರಿಯುವುದು ನಮ್ಮ ಊಹೆ. ಆ ಊಹೆಯನ್ನು ಒಪ್ಪಿಸುವುದು ‘ಓ’ ಮತ್ತು ‘ಎಂಬ’. ಕಣ್ಣಾರೆ ಕಾಣಬಹುದಾದ ಹೋಲಿಕೆಗೆ ‘ಎಂಬಂತೆ’ ಹಾಕಬೇಡಿ, ಅಲ್ಲಿ ಬರಿಯ ‘ಅಂತೆ’ ಸಾಕು.