ಮಗ್ಗಿ ಒಪ್ಪಿಸುವ ಮಗು ಗುಣಾಕಾರದಲ್ಲಿ ತಡವರಿಸುವುದೇಕೆ?

ಪ್ರಶ್ನೆ: ಮಗಳು ಹತ್ತರವರೆಗಿನ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ. ಆದರೆ ಲೆಕ್ಕದ ನಡುವೆ ಏಳೆಂಟ್ಲ ಎಷ್ಟೆಂದರೆ ಸುಮ್ಮನಾಗುತ್ತಾಳೆ. ಮನೆಯಲ್ಲಿ ಇನ್ನಷ್ಟು ಬಾಯಿಪಾಠ ಮಾಡಿಸಬೇಕೇ?

ಉತ್ತರ: ಬೇಡ. ಇದೇ ಉತ್ತರವನ್ನು ಹಿಂದೆಯೂ ಹಲವು ಬಾರಿ ಕೊಟ್ಟಿದ್ದೇನೆ. ಆದರೂ ಮಗ್ಗಿಯನ್ನು ಸರಾಗವಾಗಿ ಒಪ್ಪಿಸಿದರೆ ಗುಣಾಕಾರ ಬಂದಂತೆಯೇ ಎಂಬ ನಂಬಿಕೆ ಪೋಷಕರ ಮನಸ್ಸಿನಿಂದ ಕದಲುತ್ತಿಲ್ಲ. ಸಾಲಾಗಿ ಉರು ಹೊಡೆದದ್ದು ಸಾಲಾಗಿಯೇ ನೆನಪಿಗೆ ಬರುತ್ತದೆ. ನಡುವಿನಿಂದ ಕೇಳಿದಾಗ ಮಗುವಿನ ತುಟಿಗಳನ್ನು ಗಮನಿಸಿ: ಅದು ‘ಏಳೊಂದ್ಲ ಏಳು’ ಎಂಬಲ್ಲಿಂದಲೇ ಹೊರಟು ಒಂದೊಂದಾಗಿ ಹೇಳಿಕೊಳ್ಳುತ್ತಿರುತ್ತದೆ. ದಾರಿಯಲ್ಲಿ ಒಂದು ಸಾಲು ಜಾರಿ 54 ಎಂದುಬಿಟ್ಟರೆ, ಅದು ತಪ್ಪೆಂದು ಅನುಮಾನಿಸಲು ಮಗುವಿನ ಬಳಿ ಯಾವ ಆಧಾರವೂ ಇರುವುದಿಲ್ಲ. ಐದು ಎಂಟು 40, ಎರಡು ಎಂಟು 16, ಎರಡನ್ನೂ ಕೂಡಿದರೆ 56 ಎಂದು ತಿಳಿದ ಮಗು ಮಾತ್ರ, ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲದು. ವೇಗವನ್ನು ಅಳೆಯುವ ಪೋಷಕರು ಈ ವ್ಯತ್ಯಾಸವನ್ನೇ ಕಾಣುವುದಿಲ್ಲ.

ಹಾಳೆಯ ಮೇಲೆ ಸಾಲಿಗೆ ನಾಲ್ಕರಂತೆ ಮೂರು ಸಾಲು ಚುಕ್ಕೆಗಳನ್ನು ಇಡಿಸಿ, ಹಾಳೆಯನ್ನು ಅಡ್ಡ ತಿರುಗಿಸಿ. ಈಗ ಸಾಲಿಗೆ ಮೂರರಂತೆ ನಾಲ್ಕು ಸಾಲು. ಚುಕ್ಕೆಗಳು ಮಾತ್ರ ಅವೇ 12. ಇದನ್ನು ಮಗು ಕಣ್ಣಾರೆ ಕಂಡರೆ, 2ರಿಂದ 9ರವರೆಗಿನ 64 ಗುಣಾಕಾರಗಳು 36ಕ್ಕೆ ಇಳಿಯುತ್ತವೆ. ಎರಡರದು ಬರಿಯ ಇಮ್ಮಡಿ, ನಾಲ್ಕರದು ಇಮ್ಮಡಿಯ ಇಮ್ಮಡಿ, ಐದರದು ಹತ್ತರದ್ದರ ಅರ್ಧ. ಒಂಬತ್ತೇಳು ಬೇಕಾದರೆ 70ರಲ್ಲಿ 7 ಕಳೆದರಾಯಿತು. ಇವನ್ನು ಬಿಟ್ಟರೆ ಉಳಿಯುವುದು 3, 6, 7, 8 ತಮ್ಮತಮ್ಮಲ್ಲೇ ಗುಣಿಸಿಕೊಳ್ಳುವ 10 ಮಾತ್ರ. ಬಾಯಿಪಾಠದ ಶ್ರಮವನ್ನು ಆ ಹತ್ತಕ್ಕೆ ಮೀಸಲಿಡಿ, ಅದನ್ನೂ ಕ್ರಮ ತಪ್ಪಿಸಿಯೇ ಕೇಳಿ. ದಿನಕ್ಕೆ ಐದು ನಿಮಿಷ ಸಾಕು.

ಭಾಗಾಕಾರವನ್ನು ಯಾವಾಗ ಆರಂಭಿಸಬೇಕೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾದ ಪ್ರಶ್ನೆಯದು. ಗುಣಾಕಾರ ಮುಗಿಯಲೆಂದು ಕಾಯುವುದು ಬೇಡ. ಏಳೆಂಟ್ಲ 56 ಎಂದು ಕಂಡುಕೊಂಡ ದಿನವೇ, 56 ಚುಕ್ಕೆಗಳನ್ನು ಎಂಟು ಸಾಲಿಗೆ ಸಮನಾಗಿ ಹಂಚಿದರೆ ಸಾಲಿಗೆಷ್ಟು ಎಂದು ಕೇಳಿ. ಅದೇ ಹಾಳೆಯನ್ನು ನೋಡಿ ಮಗು ಉತ್ತರ ಹೇಳುತ್ತದೆ. ಶೇಷ ಉಳಿಯುವ ಲೆಕ್ಕಗಳನ್ನು ಮಾತ್ರ ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಿ.